ಮಾತ್ರೆಗೆ ಹೆದರಿ ಉಪವಾಸ ಬೀಳಬೇಡಿ: ಬಸಿರಿನ ತೀವ್ರ ವಾಂತಿ, ಅದರ ಔಷಧ, ಮಗುವಿನ ಮುಂದಿನ ಬೆಳವಣಿಗೆ

ಎಲ್ಲರಿಗೂ ನಮಸ್ಕಾರ. ಈ ಹೊತ್ತಿನ ಮಾತು ಎರಡು ಪ್ರಶ್ನೆಗಳ ಸುತ್ತ. ಬಸುರಿಗೆ ಕುಡಿದ ನೀರೂ ನಿಲ್ಲದಷ್ಟು ವಾಂತಿಯಾದಾಗ ಏನು ಕೊಡಬೇಕು, ಎಷ್ಟು ಕೊಡಬೇಕು ಎಂಬುದು ಒಂದು. ಹಾಗೆ ಕೊಟ್ಟ ಔಷಧದಿಂದ ಮಗುವಿಗೆ ಮಾತು ತಡವಾದೀತೇ, ಆಟಿಸಂ ಬಂದೀತೇ, ಓದಿನಲ್ಲಿ ಹಿಂದೆ ಬಿದ್ದೀತೇ ಎಂಬ ಭಯ ಇನ್ನೊಂದು. ಈ ಭಯ ಕರಗದೆ ಮೊದಲ ಪ್ರಶ್ನೆಗೆ ಎಷ್ಟು ಉತ್ತರ ಕೊಟ್ಟರೂ ಪ್ರಯೋಜನವಿಲ್ಲ. ವೈದ್ಯರು ಚೀಟಿ ಬರೆಯುತ್ತಾರೆ, ಮನೆಯವರು ಮೆಡಿಕಲ್ ಸ್ಟೋರಿನಿಂದ ಮಾತ್ರೆ ತರುತ್ತಾರೆ. ಆಮೇಲೆ ಹಿರಿಯರೊಬ್ಬರು ‘ಮೂರು ತಿಂಗಳು ತುಂಬೋ ತನಕ ಇಂಗ್ಲಿಷ್ ಔಷಧ ಮುಟ್ಟಬೇಡಮ್ಮ’ ಅನ್ನುತ್ತಾರೆ. ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ, ಹುಡುಗಿ ಹಾಸಿಗೆ ಹಿಡಿಯುತ್ತಾಳೆ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಕಾಯಿಲೆಗೆ ಮೊದಲು ಬರೆಯುವ ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್ ಜೋಡಿ ಮಾತ್ರೆ ಅರವತ್ತಕ್ಕೂ ಹೆಚ್ಚು ವರ್ಷಗಳಿಂದ ಬಳಕೆಯಲ್ಲಿದೆ. ಬಸುರಿಯರಲ್ಲಿ ಇದರಷ್ಟು ಪರೀಕ್ಷೆಗೆ ಒಳಗಾದ ಔಷಧ ಕಡಿಮೆ. ಮಗುವಿನ ಬುದ್ಧಿ ಬೆಳವಣಿಗೆಗೆ ಇದು ಕುಂದು ತಂದದ್ದು ಕಂಡುಬಂದಿಲ್ಲ. ಚಿಂತೆ ಹುಟ್ಟಿಸುವಂಥ ಅಂಕಿಅಂಶ ಇರುವುದು ಕಾಯಿಲೆಯ ಕಡೆಗೆ. ವಾರಗಟ್ಟಲೆ ಅನ್ನ ನೀರು ಇಳಿಯದೆ, ತೂಕ ಕರಗಿ, ವಿಟಮಿನ್ ಬರಿದಾಗುತ್ತದಲ್ಲ, ಹೆದರಬೇಕಾದದ್ದು ಅದಕ್ಕೆ.

ಯಾವುದು ಬಯಕೆಯ ಸಂಕಟ, ಯಾವುದು ಕಾಯಿಲೆ

ಹತ್ತು ಬಸುರಿಯರಲ್ಲಿ ಏಳೆಂಟು ಜನರಿಗೆ ವಾಕರಿಕೆಯೋ ವಾಂತಿಯೋ ಇದ್ದೇ ಇರುತ್ತದೆ. ನಾಲ್ಕರಿಂದ ಏಳನೇ ವಾರದೊಳಗೆ ಶುರುವಾಗುತ್ತದೆ, ಒಂಬತ್ತನೇ ವಾರದ ಹೊತ್ತಿಗೆ ಏರುತ್ತದೆ, ಇಪ್ಪತ್ತನೇ ವಾರಕ್ಕೆ ಹತ್ತರಲ್ಲಿ ಒಂಬತ್ತು ಜನರಿಗೆ ಇಳಿದಿರುತ್ತದೆ. ಹೈಪರೆಮೆಸಿಸ್ ಗ್ರ್ಯಾವಿಡೇರಮ್ ಎಂಬುದು ಇದರ ಹಿರಿಯಣ್ಣ, ಶೇ. 0.3ರಿಂದ 3.6ರಷ್ಟು ಬಸುರಿಯರಿಗೆ ಬರುತ್ತದೆ. 2021ರಲ್ಲಿ ಹಲವು ದೇಶಗಳ ತಜ್ಞರೂ ಈ ಕಾಯಿಲೆ ಅನುಭವಿಸಿದ ಹೆಂಗಸರೂ ಕೂಡಿ ಒಪ್ಪಿಕೊಂಡ ವ್ಯಾಖ್ಯೆ ಹೀಗಿದೆ: 16ನೇ ವಾರಕ್ಕೆ ಮುಂಚೆ ಶುರುವಾಗಿರಬೇಕು, ವಾಕರಿಕೆ, ವಾಂತಿ ಇವುಗಳಲ್ಲಿ ಒಂದಾದರೂ ತೀವ್ರವಾಗಿರಬೇಕು, ಎಂದಿನಂತೆ ಉಣ್ಣಲು ಅಥವಾ ಕುಡಿಯಲು ಆಗದಿರಬೇಕು, ದಿನದ ಕೆಲಸಕ್ಕೆ ಬಹಳ ಅಡ್ಡಿಯಾಗುತ್ತಿರಬೇಕು. ಗಮನಿಸಿ, ವಾಂತಿ ಆಗಲೇಬೇಕೆಂದಿಲ್ಲ. ಇಡೀ ದಿನ ಹೊಟ್ಟೆ ತೊಳಸಿ ತುತ್ತೇ ಎತ್ತಲಾಗದವಳಿಗೂ ಇದೇ ಕಾಯಿಲೆ.

16 ವಾರ ದಾಟಿದ ಮೇಲೆ ಹೊಸದಾಗಿ ವಾಂತಿ ಶುರುವಾದರೆ, ಜ್ವರವಿದ್ದರೆ, ಹೊಟ್ಟೆ ನೋವಿದ್ದರೆ, ಕಣ್ಣು ಹಳದಿಯಾದರೆ ಅದನ್ನು ಬಸಿರಿನ ಲೆಕ್ಕಕ್ಕೆ ಬರೆಯಬಾರದು. ಮೂತ್ರದ ಸೋಂಕು, ಪಿತ್ತಕೋಶದ ಕಲ್ಲು, ಥೈರಾಯ್ಡ್, ಕಾಮಾಲೆ ಎಲ್ಲವನ್ನೂ ನೋಡಬೇಕು.

ತೀವ್ರತೆಯನ್ನು ಅಳೆಯಲು ಪ್ಯೂಕ್ ಎಂಬ ಸುಲಭದ ಲೆಕ್ಕವಿದೆ. ಕಳೆದ 24 ಗಂಟೆಯ ಬಗ್ಗೆ ಮೂರು ಪ್ರಶ್ನೆ. ಎಷ್ಟು ಹೊತ್ತು ಹೊಟ್ಟೆ ತೊಳಸಿತು? ಇಲ್ಲವೇ ಇಲ್ಲ ಎಂದರೆ 1 ಅಂಕ, ಒಂದು ಗಂಟೆಯೊಳಗೆ 2, ಎರಡು ಮೂರು ಗಂಟೆಗೆ 3, ನಾಲ್ಕರಿಂದ ಆರು ಗಂಟೆಗೆ 4, ಅದಕ್ಕೂ ಮೇಲೆ 5. ಎಷ್ಟು ಸಲ ವಾಂತಿಯಾಯಿತು? ಏನೂ ಹೊರಬಾರದ ಒಣ ಓಕರಿಕೆ ಎಷ್ಟು ಸಲ ಬಂತು? ಈ ಎರಡಕ್ಕೂ ಒಂದೇ ಲೆಕ್ಕ: ಇಲ್ಲವೆಂದರೆ 1, ಒಂದೆರಡು ಸಲಕ್ಕೆ 2, ಮೂರು ನಾಲ್ಕಕ್ಕೆ 3, ಐದಾರಕ್ಕೆ 4, ಏಳು ಅಥವಾ ಅದಕ್ಕಿಂತ ಹೆಚ್ಚಾದರೆ 5. ಕೂಡಿಸಿ. 6ರವರೆಗೆ ಸೌಮ್ಯ, 7ರಿಂದ 12 ಮಧ್ಯಮ, 13 ಮತ್ತು ಅದಕ್ಕೂ ಮೇಲೆ ತೀವ್ರ. ಆಶಾ ಕಾರ್ಯಕರ್ತೆಯರು ಇದನ್ನು ತಾಯಿ ಕಾರ್ಡಿನ ಅಂಚಿನಲ್ಲಿ ದಿನಾಂಕ ಹಾಕಿ ಬರೆದುಕೊಂಡರೆ ಎಷ್ಟೋ ಉಪಕಾರ. ‘ತುಂಬಾ ವಾಂತಿ ಡಾಕ್ಟ್ರೇ’ ಅನ್ನುವುದಕ್ಕಿಂತ ‘ಮೊನ್ನೆ 9 ಇತ್ತು, ಇವತ್ತು 14’ ಅಂದರೆ ಎದುರಿನವರು ಕಿವಿಗೊಡುತ್ತಾರೆ.

ಇದರ ಜೊತೆಗೆ ತೂಕ. ಬಸಿರಿಗೆ ಮುಂಚೆ 50 ಕಿಲೋ ಇದ್ದವಳು 47.5ಕ್ಕೆ ಇಳಿದಳೆಂದರೆ ಶೇ. 5 ಹೋಯಿತು. ಅಲ್ಲಿಂದ ಮುಂದೆ ಮನೆಮದ್ದಿನ ಮಾತು ಬೇಡ.

ಇದು ಮನಸ್ಸಿನ ಕಾಯಿಲೆ, ಕೆಲಸ ತಪ್ಪಿಸಿಕೊಳ್ಳುವ ನೆಪ ಎಂದು ಹೇಳುವವರು ಈಗಲೂ ಇದ್ದಾರೆ. 2023ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ಆ ಮಾತಿನ ಬುಡವನ್ನೇ ಕಿತ್ತಿದೆ. ಮಾರ್ಲೆನಾ ಫೆಜೊ, ಸ್ಟೀಫನ್ ಓ’ರಾಹಿಲಿ ಮತ್ತು ಸಂಗಡಿಗರು ತೋರಿಸಿದ್ದೇನೆಂದರೆ, ಗರ್ಭದ ಕಡೆಯಿಂದ ಜಿಡಿಎಫ್15 ಎಂಬ ಹಾರ್ಮೋನು ತಾಯಿಯ ರಕ್ತಕ್ಕೆ ಧಾರಾಳವಾಗಿ ಹರಿಯುತ್ತದೆ. ಅದು ಮಿದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರವನ್ನು ಕೆಣಕುತ್ತದೆ. ಬಸಿರಿಗೆ ಮುಂಚೆ ಯಾರ ಮೈಯಲ್ಲಿ ಈ ಹಾರ್ಮೋನು ಕಡಿಮೆ ಇತ್ತೋ ಅವರಿಗೆ ಈ ಏರಿಕೆ ತಡೆಯದು. ಮೊದಲಿಂದಲೇ ಹೆಚ್ಚಿದ್ದವರಿಗೆ ಅಭ್ಯಾಸವಾಗಿರುತ್ತದೆ. ಬೀಟಾ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವ ಹೆಂಗಸರಲ್ಲಿ ಜಿಡಿಎಫ್15 ಸದಾ ಹೆಚ್ಚು. ಅವರಿಗೆ ಬಸಿರಿನ ವಾಂತಿ ಬಹಳ ಕಡಿಮೆ. ಇದು ಹಾರ್ಮೋನಿನ ಆಟ. ಸೊಸೆಯ ಸೋಮಾರಿತನವಲ್ಲ.

ಭಯ ಎಲ್ಲಿಂದ ಬಂತು

ಭಯಕ್ಕೆ ಕಾರಣವೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. 1957ರಲ್ಲಿ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ದೆಯ ಔಷಧ ಮಾರುಕಟ್ಟೆಗೆ ಬಂತು. ಬಸುರಿಯರ ವಾಂತಿಗೂ ಅದನ್ನೇ ಕೊಟ್ಟರು. 1961ರ ನವೆಂಬರಿನಲ್ಲಿ ಹಿಂತೆಗೆದುಕೊಳ್ಳುವಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಬಸುರಿಯ ವಾಂತಿಗೆ ಔಷಧ ಎಂದರೆ ಲೋಕ ಬೆಚ್ಚಿಬೀಳುವುದು ಅಲ್ಲಿಂದ.

ಅದರ ಪೆಟ್ಟು ತಿಂದದ್ದು ನಿರಪರಾಧಿಯಾದ ಇನ್ನೊಂದು ಮಾತ್ರೆ. ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್ ಸೇರಿದ ಬೆಂಡೆಕ್ಟಿನ್ 1956ರಿಂದಲೇ ಅಮೆರಿಕದಲ್ಲಿತ್ತು. ಬ್ರಿಟನ್ನಿನಲ್ಲಿ ಡೆಬೆಂಡಾಕ್ಸ್ ಎಂದು ಹೆಸರು. ಅಂಗವಿಕಲ ಮಕ್ಕಳ ತಂದೆತಾಯಿಯರು ಮೊಕದ್ದಮೆ ಹೂಡುತ್ತ ಹೋದರು. ವೈಜ್ಞಾನಿಕ ಸಾಕ್ಷ್ಯ ಕಂಪನಿಯ ಪರವಾಗಿದ್ದರೂ ವಕೀಲರ ಖರ್ಚು ತಾಳಲಾರದೆ 1983ರಲ್ಲಿ ಅದು ಉತ್ಪಾದನೆ ನಿಲ್ಲಿಸಿತು. ಆಮೇಲೆ ಆದದ್ದನ್ನು ನೆನಪಿಡಿ. ಮಾತ್ರೆ ಹೋಯಿತು, ಹುಟ್ಟು ದೋಷಗಳ ಪ್ರಮಾಣ ಇಳಿಯಲಿಲ್ಲ. ವಾಂತಿಯಿಂದ ಆಸ್ಪತ್ರೆ ಸೇರುವ ಬಸುರಿಯರ ಪ್ರಮಾಣ ಮಾತ್ರ ಸುಮಾರು ಎರಡು ಪಟ್ಟಾಯಿತು. ಥಾಲಿಡೊಮೈಡ್ ಬಗ್ಗೆ ಎಚ್ಚರಿಸಿ ಹೆಸರಾಗಿದ್ದ ಆಸ್ಟ್ರೇಲಿಯಾದ ವೈದ್ಯ ವಿಲಿಯಂ ಮೆಕ್‌ಬ್ರೈಡ್ ಡೆಬೆಂಡಾಕ್ಸ್ ಮೇಲೂ ಆರೋಪ ಹೊರಿಸಿದ್ದರು. ಮೊಲಗಳ ಮೇಲಿನ ಬೇರೊಂದು ಪ್ರಯೋಗದ ಅಂಕಿಗಳನ್ನು ತಿದ್ದಿದ್ದು ಸಾಬೀತಾಗಿ 1993ರಲ್ಲಿ ಅವರ ವೈದ್ಯ ನೋಂದಣಿಯೇ ರದ್ದಾಯಿತು. ಅದೇ ಜೋಡಿ ಮಾತ್ರೆಗೆ ಅಮೆರಿಕದ ಔಷಧ ಪ್ರಾಧಿಕಾರ 2013ರ ಏಪ್ರಿಲಿನಲ್ಲಿ ಮತ್ತೆ ಒಪ್ಪಿಗೆ ಕೊಟ್ಟಿತು. ನಡುವಿನ ಮೂವತ್ತು ವರ್ಷ ಅಲ್ಲಿನ ಬಸುರಿಯರು ಸುಮ್ಮನೆ ನರಳಿದರು. ನಮ್ಮಲ್ಲಿ ಇದು ಡಾಕ್ಸಿನೇಟ್ ಮತ್ತು ಇತರ ಹೆಸರುಗಳಲ್ಲಿ ಸಿಗುತ್ತದೆ.

ಮಗುವಿನ ಬೆಳವಣಿಗೆ: ಅಂಕಿಗಳನ್ನು ಓದುವ ಬಗೆ

ಮಳೆಗಾಲದ ಸಂಜೆ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಕೊಡೆ ಹಿಡಿದು ಬಂದವರ ಕಾಲು ನೆನೆದಿರುತ್ತದೆ, ಕೊಡೆ ಇಲ್ಲದೆ ಒಳಗೇ ಕೂತವರ ಕಾಲು ಒಣಗಿರುತ್ತದೆ. ಇದನ್ನು ಬರೆದುಕೊಂಡು ‘ಕೊಡೆಯಿಂದ ಕಾಲು ನೆನೆಯುತ್ತದೆ’ ಎಂದರೆ ಹೇಗಿರುತ್ತದೆ? ವಾಂತಿಯ ಔಷಧದ ಅಧ್ಯಯನಗಳಲ್ಲಿ ಆಗುವ ತಪ್ಪು ಇದೇ. ಹೆಚ್ಚು ಔಷಧ ತಿನ್ನುವವಳು ಹೆಚ್ಚು ಕಾಯಿಲೆಯವಳು. ಅವಳ ಮಗುವಿಗೆ ತೊಂದರೆ ಕಂಡರೆ ಮಳೆಯದೋ ಕೊಡೆಯದೋ ಎಂದು ತಿಳಿಯಲು, ಅಷ್ಟೇ ಕಾಯಿಲೆಯಿದ್ದು ಔಷಧ ತಿನ್ನದವಳ ಮಗುವಿನ ಜೊತೆ ಹೋಲಿಸಬೇಕು. ಆರೋಗ್ಯವಾಗಿದ್ದ ಬಸುರಿಯ ಮಗುವಿನ ಜೊತೆಗಲ್ಲ. ಇಂಟರ್ನೆಟ್ಟಿನಲ್ಲಿ ಯಾವುದೇ ಹೆದರಿಕೆಯ ಸುದ್ದಿ ಕಂಡಾಗ ಮೊದಲು ಕೇಳಬೇಕಾದದ್ದು: ಯಾರನ್ನು ಯಾರ ಜೊತೆ ಹೋಲಿಸಿದ್ದಾರೆ?

ಹಾಗೆ ಸರಿಯಾಗಿ ಹೋಲಿಸಿದ ಒಂದು ಸಣ್ಣ ಅಧ್ಯಯನ 2009ರಲ್ಲಿ ಕೆನಡಾದ ಟೊರೊಂಟೊದಿಂದ ಬಂತು. ಮೂರರಿಂದ ಏಳು ವರ್ಷದ ಮಕ್ಕಳ ಮೂರು ಗುಂಪು: ಒಂದರಲ್ಲಿ ತಾಯಿಗೆ ವಾಂತಿಯಿತ್ತು, ಡಾಕ್ಸಿಲಮೈನ್ ಜೋಡಿ ತಿಂದಿದ್ದಳು; ಇನ್ನೊಂದರಲ್ಲಿ ವಾಂತಿಯಿತ್ತು, ಮಾತ್ರೆ ತಿಂದಿರಲಿಲ್ಲ; ಮೂರನೆಯದರಲ್ಲಿ ವಾಂತಿಯೇ ಇರಲಿಲ್ಲ. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಮೂರೂ ಗುಂಪು ಸಹಜ ಮಟ್ಟದಲ್ಲಿದ್ದವು. ಔಷಧ ತಿಂದವರ ಮಕ್ಕಳು ಹಿಂದೆ ಬಿದ್ದಿರಲಿಲ್ಲ.

ಇನ್ನು ಕಾಯಿಲೆಯ ಕಡೆ. 2015ರಲ್ಲಿ ಫೆಜೊ ಮತ್ತು ಸಂಗಡಿಗರು ತೀವ್ರ ವಾಂತಿಯ ಬಸಿರಿನಲ್ಲಿ ಹುಟ್ಟಿದ 312 ಮಕ್ಕಳನ್ನು, ಹಾಗಿಲ್ಲದ 169 ಮಕ್ಕಳ ಜೊತೆ ಹೋಲಿಸಿದರು. ಗಮನದ ಕೊರತೆ, ಮಾತು ತಡವಾಗುವುದು, ಕಲಿಕೆಯ ತೊಡಕು, ಸ್ಪರ್ಶ ಸದ್ದುಗಳಿಗೆ ಅತಿ ಪ್ರತಿಕ್ರಿಯೆ, ಇವುಗಳಲ್ಲಿ ಯಾವುದಾದರೂ ಕಾಣುವ ಸಂಭವ ಮೊದಲ ಗುಂಪಿನಲ್ಲಿ ಮೂರು ಪಟ್ಟಿಗೂ ಹೆಚ್ಚಿತ್ತು. ಈ ವ್ಯತ್ಯಾಸಕ್ಕೂ ತಿಂದ ಔಷಧಕ್ಕೂ ಸಂಬಂಧ ಕಾಣಲಿಲ್ಲ. ಐದನೇ ವಾರಕ್ಕೂ ಮುಂಚೆ ಕಾಯಿಲೆ ಶುರುವಾದದ್ದಕ್ಕೆ ಸಂಬಂಧ ಕಂಡಿತು. ಆದರೆ ಇದು ತಾಯಂದಿರೇ ತುಂಬಿ ಕಳಿಸಿದ ಪ್ರಶ್ನಾವಳಿಯ ಲೆಕ್ಕ. ಮಗುವಿನ ಬಗ್ಗೆ ಚಿಂತೆ ಇದ್ದವರೇ ಹೆಚ್ಚು ಉತ್ತರಿಸಿರಬಹುದು. ಹಾಗಾಗಿ ಮೂರು ಪಟ್ಟು ಎಂಬುದನ್ನು ತೂಗಿ ನೋಡಿ.

2021ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಆಸ್ಪತ್ರೆ ದಾಖಲೆಗಳಿಂದ ಬಂದ ಲೆಕ್ಕ ಇನ್ನೂ ಗಟ್ಟಿ: 1991ರಿಂದ 2014ರವರೆಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ತೀವ್ರ ವಾಂತಿಯಿದ್ದ ಬಸಿರಿನ ಮಕ್ಕಳಲ್ಲಿ ಆಟಿಸಂ ಗುರುತಾಗುವ ಸಂಭವ ಸುಮಾರು ಒಂದೂವರೆ ಪಟ್ಟು. ಔಷಧಕ್ಕೆ ಹೊಂದಿಕೊಂಡ ಏರಿಕೆ ಇಲ್ಲಿಯೂ ಕಾಣಲಿಲ್ಲ. ‘ಒಂದೂವರೆ ಪಟ್ಟು’ ಎಂದು ಕೇಳಿದವರ ಎದೆ ಝಲ್ ಅನ್ನುತ್ತದೆ, ಅದಕ್ಕೇ ಲೆಕ್ಕ ಬಿಡಿಸಿ ಹೇಳಬೇಕು. ಒಂದು ಊರಿನಲ್ಲಿ ನೂರು ಮಕ್ಕಳಲ್ಲಿ ಇಬ್ಬರಿಗೆ ಆಟಿಸಂ ಇದೆ ಎಂದಿಟ್ಟುಕೊಳ್ಳಿ. ಒಂದೂವರೆ ಪಟ್ಟು ಎಂದರೆ ಮೂವರು. ಉಳಿದ ತೊಂಬತ್ತೇಳು ಮಕ್ಕಳಿಗೆ ಇಲ್ಲ. ಈಗಾಗಲೇ ತೀವ್ರ ವಾಂತಿ ದಾಟಿ ಹೆತ್ತಿರುವ ತಾಯಂದಿರಿಗೆ ನಾವು ಕೈಮುಗಿದು ಹೇಳುವುದು ಇದನ್ನೇ. ಬಹುಪಾಲು ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ಎಲ್ಲೋ ಒಂದು ಮಗುವಿಗೆ ತೊಡಕಿದ್ದರೆ ಅದು ನೀವು ನುಂಗಿದ ಮಾತ್ರೆಯ ಪಾಪವಲ್ಲ.

ಬಸಿರಿನಲ್ಲಿ ತಿಂದ ಔಷಧ ಮಗುವಿನ ಮಿದುಳನ್ನು ಕೆಡಿಸುವುದು ಸಾಧ್ಯವೇ ಇಲ್ಲವೇ? ಸಾಧ್ಯ. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಅಂಥದ್ದು: ಅದಕ್ಕೊಳಗಾದ ನೂರು ಮಕ್ಕಳಲ್ಲಿ ಸುಮಾರು ಹತ್ತು ಜನರಿಗೆ ಹುಟ್ಟು ದೋಷ, ಮೂವತ್ತರಿಂದ ನಲವತ್ತು ಜನರಿಗೆ ಬೆಳವಣಿಗೆಯ ತೊಂದರೆ. ಪ್ರಮಾಣ ಹೆಚ್ಚಿಸಿದಷ್ಟೂ ಹಾನಿ ಹೆಚ್ಚು. ನಿಜವಾದ ಅಪಾಯವಿದ್ದಾಗ ಅಂಕಿಗಳು ಹೀಗೆ ಕೂಗಿ ಹೇಳುತ್ತವೆ. ವಾಂತಿಯ ಮಾತ್ರೆಯ ವಿಷಯದಲ್ಲಿ ಅಂಥ ಕೂಗು ಎದ್ದಿಲ್ಲ. ಮೂರ್ಛೆಗೆ ವಾಲ್‌ಪ್ರೊಯೇಟ್ ತಿನ್ನುತ್ತಿರುವವರು ಇದನ್ನು ಕೇಳಿ ತಾವಾಗಿ ನಿಲ್ಲಿಸಬೇಡಿ, ಫಿಟ್ಸ್ ಬಂದರೆ ಅದು ಇನ್ನೂ ದೊಡ್ಡ ಅಪಾಯ. ವೈದ್ಯರನ್ನು ಕಂಡು ಬದಲಿಸಿಕೊಳ್ಳಿ.

ಆಹಾರ ಇಳಿದರೆ ಏನು ಲಾಭ ಎಂಬುದಕ್ಕೆ ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ 2006ರ ಅಧ್ಯಯನ ನೋಡಿ. ತೀವ್ರ ವಾಂತಿಯಿಂದ ಆಸ್ಪತ್ರೆ ಸೇರಿದ್ದರೂ ಇಡೀ ಬಸಿರಿನಲ್ಲಿ 7 ಕಿಲೋ ಮತ್ತು ಅದಕ್ಕಿಂತ ಹೆಚ್ಚು ತೂಕ ಏರಿಸಿಕೊಂಡವರ ಮಕ್ಕಳು ಉಳಿದವರ ಮಕ್ಕಳಂತೆಯೇ ಹುಟ್ಟಿದರು. 7 ಕಿಲೋಗಿಂತ ಕಡಿಮೆ ಏರಿದವರಲ್ಲಿ ದಿನ ತುಂಬದ ಹೆರಿಗೆ, ಕಡಿಮೆ ತೂಕದ ಮಗು ಹೆಚ್ಚಿದವು. ಔಷಧ ಕೊಡುವುದು ಆ 7 ಕಿಲೋಗಾಗಿ.

ಮಾತ್ರೆ ಹೇಗೆ ತಿನ್ನಬೇಕು

ಮುಂದೆ ಹೇಳುವ ಪ್ರಮಾಣಗಳು ವೈದ್ಯರ ಜೊತೆ ಮಾತಾಡಲು ನಿಮಗಿರಲಿ; ನೀವೇ ಅಂಗಡಿಗೆ ಹೋಗಿ ಕೊಳ್ಳಲು ಅಲ್ಲ.

ಡಾಕ್ಸಿಲಮೈನ್ 10 ಮಿಲಿಗ್ರಾಂ, ಪಿರಿಡಾಕ್ಸಿನ್ 10 ಮಿಲಿಗ್ರಾಂ ಇರುವ ಮಾತ್ರೆ ರಾತ್ರಿ ಮಲಗುವಾಗ ಎರಡು. ಎರಡು ದಿನ ಕಳೆದರೂ ಸಂಕಟ ಇಳಿಯದಿದ್ದರೆ ಬೆಳಿಗ್ಗೆ ಒಂದು ಸೇರಿಸುತ್ತಾರೆ. ಇನ್ನೂ ಬೇಕಾದರೆ ಮಧ್ಯಾಹ್ನ ಒಂದು. ದಿನಕ್ಕೆ ನಾಲ್ಕು ಮೀರುವುದಿಲ್ಲ. ಎಡವುವುದು ಇಲ್ಲೇ. ಈ ಮಾತ್ರೆಯ ಮೇಲಿನ ಲೇಪ ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗಲೆಂದು ಹಾಕಿದ್ದು. ರಾತ್ರಿ ನುಂಗಿದ್ದು ಬೆಳಗಿನ ಸಂಕಟಕ್ಕೆ ಕೆಲಸ ಮಾಡುವುದು ಹಾಗೆ. ಅದನ್ನು ಮುರಿದರೆ, ಅಗಿದರೆ, ಪುಡಿ ಮಾಡಿ ಜೇನಿನಲ್ಲಿ ಕಲಸಿದರೆ ಲೇಪ ಹಾಳು. ಊಟದ ಜೊತೆ ತಿಂದರೆ ಔಷಧ ಏರುವುದು ತಡ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಬೇಕು. ವಾಂತಿ ಬಂದ ಮೇಲೆ ನುಂಗಿ ‘ಏನೂ ಆಗಲಿಲ್ಲ’ ಅನ್ನುವವರು ಬಹಳ. ಇದು ತಲೆನೋವಿನ ಮಾತ್ರೆಯಂತೆ ಬೇಕೆಂದಾಗ ನುಂಗುವುದಲ್ಲ, ದಿನವೂ ತಪ್ಪದೆ ತಿನ್ನುವುದು. ತೂಕಡಿಕೆ ಬರುತ್ತದೆ, ಸ್ಕೂಟಿ ಓಡಿಸಬೇಡಿ. ಸರಿಹೋಯಿತೆಂದು ಒಮ್ಮೆಗೇ ಬಿಟ್ಟರೆ ವಾಂತಿ ತಿರುಗಿ ಬರುತ್ತದೆ, ಒಂದೊಂದಾಗಿ ಇಳಿಸಬೇಕು.

ಇದು ಸಾಲದಿದ್ದರೆ ಪ್ರೊಮೆಥಜೈನ್ ಅಥವಾ ಪ್ರೊಕ್ಲೋರ್‌ಪೆರಜೈನ್. ಅದರ ಮುಂದಿನ ಮೆಟ್ಟಿಲಲ್ಲಿ ಮೆಟೊಕ್ಲೊಪ್ರಮೈಡ್ 10 ಮಿಲಿಗ್ರಾಂ, ದಿನಕ್ಕೆ ಮೂರು ಸಲ ಮೀರದಂತೆ, ಐದು ದಿನದೊಳಗೆ. ಡೆನ್ಮಾರ್ಕಿನಲ್ಲಿ ಮೊದಲ ಮೂರು ತಿಂಗಳಲ್ಲಿ ಇದನ್ನು ತಿಂದ 28 ಸಾವಿರಕ್ಕೂ ಹೆಚ್ಚು ಬಸುರಿಯರ ದಾಖಲೆ ನೋಡಿದಾಗ ಹುಟ್ಟು ದೋಷ ಹೆಚ್ಚಿರಲಿಲ್ಲ. ಆ ಅಧ್ಯಯನ 2013ರದ್ದು. ಇದರ ತೊಂದರೆ ತಾಯಿಗೆ: ಕೆಲವರಿಗೆ ಕತ್ತು ಒಂದು ಕಡೆ ತಿರುಚಿಕೊಳ್ಳುತ್ತದೆ, ಕಣ್ಣಾಲಿ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ದವಡೆ ಬಿಗಿಯುತ್ತದೆ. ನೋಡಿದವರು ಗಾಳಿ ಸೋಕಿತೆಂದು ಹೆದರುತ್ತಾರೆ. ಅದು ಔಷಧದ ಪ್ರತಿಕ್ರಿಯೆ. ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋದರೆ ಒಂದು ಇಂಜೆಕ್ಷನ್ನಿನಲ್ಲಿ ಬಿಡುತ್ತದೆ. ನರಕ್ಕೆ ಕೊಡುವಾಗ ನಿಧಾನವಾಗಿ ಕೊಟ್ಟರೆ ಹೀಗಾಗುವುದು ಕಡಿಮೆ.

ಆಮೇಲೆ ಒಂಡಾನ್ಸೆಟ್ರಾನ್, 4 ಮಿಲಿಗ್ರಾಂ ಎಂಟು ಗಂಟೆಗೊಮ್ಮೆ ಅಥವಾ 8 ಮಿಲಿಗ್ರಾಂ ಹನ್ನೆರಡು ಗಂಟೆಗೊಮ್ಮೆ. ಹೆಚ್ಚು ಚರ್ಚೆಯಾದದ್ದು ಇದೇ. 2018ರಲ್ಲಿ ಅಮೆರಿಕದ 18 ಲಕ್ಷ ಬಸಿರುಗಳ ಲೆಕ್ಕದಲ್ಲಿ, ಮೊದಲ ಮೂರು ತಿಂಗಳಲ್ಲಿ ಇದನ್ನು ತಿಂದವರ ಮಕ್ಕಳಲ್ಲಿ ಸೀಳುತುಟಿ ಅಥವಾ ಸೀಳಂಗುಳ ಹತ್ತು ಸಾವಿರಕ್ಕೆ 14, ತಿನ್ನದವರಲ್ಲಿ 11. ಹತ್ತು ಸಾವಿರಕ್ಕೆ ಮೂರು ಮಕ್ಕಳ ವ್ಯತ್ಯಾಸ. ಹೃದಯದ ದೋಷ ಹೆಚ್ಚಿರಲಿಲ್ಲ. ಇದನ್ನಾಧರಿಸಿ ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಮೊದಲ ಮೂರು ತಿಂಗಳು ಬೇಡ ಎಂದಿತು. ಬ್ರಿಟನ್ನಿನ ಪ್ರಸೂತಿ ತಜ್ಞರು ಒಪ್ಪದೆ, ಬೇರೆ ಔಷಧ ಫಲಿಸದಾಗ ವಿಷಯ ತಿಳಿಸಿ ಕೊಡಬಹುದು ಎಂದೇ ಉಳಿಸಿಕೊಂಡರು. ನಮಗೆ ಎರಡನೆಯದೇ ಸರಿ ಕಾಣುತ್ತದೆ. ಸೀಳುತುಟಿ ಶಸ್ತ್ರಚಿಕಿತ್ಸೆಯಿಂದ ಸರಿಹೋಗುವಂಥದ್ದು. ತಾಯಿಯ ಉಪವಾಸ ಹಾಗಲ್ಲ. ಸುಮಾರು 12 ವಾರ ದಾಟಿದ ಮೇಲೆ ಮಗುವಿನ ಅಂಗುಳ ಕೂಡಿಕೊಂಡಿರುತ್ತದೆ, ಆಮೇಲೆ ಈ ಪ್ರಶ್ನೆಯೇ ಏಳದು. ಆದರೆ ನಮ್ಮಲ್ಲಿ ಮೆಡಿಕಲ್ ಸ್ಟೋರಿನಲ್ಲಿ ‘ವಾಂತಿ ಮಾತ್ರೆ ಕೊಡಿ’ ಅಂದರೆ ಕೈಗೆ ಬರುವುದು ಸಾಮಾನ್ಯವಾಗಿ ಇದೇ. ಏಳನೇ ವಾರದ ಬಸುರಿ ಮೊದಲ ಮೆಟ್ಟಿಲು ಹತ್ತದೆ ನೇರ ಇಲ್ಲಿಗೆ ಬರುತ್ತಾಳೆ. ಅದು ಬೇಡ. ಮಲಬದ್ಧತೆ ಇದರ ದೊಡ್ಡ ಕಾಟ. ಮೊದಲ ದಿನದಿಂದಲೇ ಲ್ಯಾಕ್ಟುಲೋಸ್ ಕೇಳಿ ಪಡೆಯಿರಿ. ಪೊಟ್ಯಾಸಿಯಂ ಇಳಿದಿದ್ದಾಗ ಇದು ಹೃದಯದ ಲಯ ಕೆಡಿಸಬಹುದು, ಹಾಗಾಗಿ ರಕ್ತಪರೀಕ್ಷೆ ಬೇಕು.

ಇವೆಲ್ಲ ಸೋತಾಗ ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಕೊಡುತ್ತಾರೆ: ಹೈಡ್ರೊಕಾರ್ಟಿಸೋನ್, ಆಮೇಲೆ ಪ್ರೆಡ್ನಿಸಲೋನ್. ಅದು ತಜ್ಞರ ಕೆಲಸ.

ಗ್ಲೂಕೋಸ್ ಬಾಟಲಿ

ಇಷ್ಟರಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಸುಸ್ತಾದ ಬಸುರಿಯನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ‘ಒಂದು ಗ್ಲೂಕೋಸ್ ಏರಿಸಿ’ ಅನ್ನುವುದು ನಮ್ಮಲ್ಲಿ ರೂಢಿ. ವಾರಗಟ್ಟಲೆ ತಿನ್ನದವಳಿಗೆ ಬರಿಯ ಗ್ಲೂಕೋಸ್ ಅಪಾಯ.

ಕಾರಣ ಥಯಾಮಿನ್, ಅಂದರೆ ವಿಟಮಿನ್ ಬಿ1. ಮೈಯಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕಷ್ಟೇ ಸಾಕು. ಪಾಲಿಶ್ ಮಾಡಿದ ಬೆಳ್ಳಕ್ಕಿಯನ್ನೇ ಉಣ್ಣುವವರಲ್ಲಿ ಮೊದಲಿಂದಲೇ ಕಡಿಮೆ. ಗ್ಲೂಕೋಸನ್ನು ಶಕ್ತಿಯಾಗಿಸಲು ಮಿದುಳಿಗೆ ಥಯಾಮಿನ್ ಬೇಕೇ ಬೇಕು. ಖಾಲಿಯಾಗುತ್ತ ಬಂದ ದಾಸ್ತಾನಿನ ಮೇಲೆ ಬಾಟಲಿಗಟ್ಟಲೆ ಗ್ಲೂಕೋಸ್ ಸುರಿದರೆ ಉಳಿದ ಚೂರೂ ಮುಗಿದು ಮಿದುಳಿನ ಕೆಲ ಭಾಗಗಳು ಹಾನಿಗೊಳ್ಳುತ್ತವೆ. ವರ್ನಿಕೆ ಎನ್ಸೆಫಲೋಪತಿ ಎಂದು ಇದಕ್ಕೆ ಹೆಸರು. ಗುರುತುಗಳು: ಒಂದು ಎರಡಾಗಿ ಕಾಣುವುದು, ಕಣ್ಣಾಲಿ ಅದುರುವುದು, ನಡಿಗೆ ತೂರಾಡುವುದು, ಮಂಕು ಕವಿದು ಗೊಂದಲದ ಮಾತು. ಬದುಕುಳಿದರೂ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಗರ್ಭ ನಿಲ್ಲದೆ ಹೋಗುವುದೂ ಹೆಚ್ಚು.

ಸರಿಯಾದ ಕ್ರಮ ಇದು. ಡ್ರಿಪ್ ಎಂದರೆ ಶೇ. 0.9ರ ನಾರ್ಮಲ್ ಸಲೈನ್, ಗ್ಲೂಕೋಸ್ ಅಲ್ಲ. ಮೊದಲ ಲೀಟರ್ ಸಾಮಾನ್ಯವಾಗಿ ಎರಡು ಗಂಟೆಯಲ್ಲಿ. ಪೊಟ್ಯಾಸಿಯಂ ಎಷ್ಟಿದೆ ಎಂದು ನೋಡಿ ಪ್ರತಿ ಲೀಟರಿಗೆ 20ರಿಂದ 40 ಮಿಲಿಮೋಲ್ ಪೊಟ್ಯಾಸಿಯಂ ಕ್ಲೋರೈಡ್. ಥಯಾಮಿನ್ 100 ಮಿಲಿಗ್ರಾಂ ನರಕ್ಕೆ, ಗ್ಲೂಕೋಸ್ ಕೊಡುವುದಿದ್ದರೆ ಅದಕ್ಕೆ ಮುಂಚೆ. ನುಂಗಲು ಸಾಧ್ಯವಾದ ಮೇಲೆ 100 ಮಿಲಿಗ್ರಾಂ ಮಾತ್ರೆ ದಿನಕ್ಕೆ ಮೂರು. ವರ್ನಿಕೆಯ ಅನುಮಾನ ಬಂದರೆ ಇದರ ಹಲವು ಪಟ್ಟು ಬೇಕು, ಆಗ ದೊಡ್ಡಾಸ್ಪತ್ರೆಯೇ ಗತಿ. ಸೋಡಿಯಂ ಬಹಳ ಇಳಿದಿದ್ದರೆ ಅವಸರದಿಂದ ಏರಿಸಬಾರದು. 24 ಗಂಟೆಯಲ್ಲಿ ಏರಿಕೆ ಲೀಟರಿಗೆ 10 ಮಿಲಿಮೋಲ್ ಮೀರಿದರೆ ಮಿದುಳಿಗೆ ಬೇರೆ ರೀತಿಯ ಹಾನಿ. ಹಾಸಿಗೆ ಹಿಡಿದು ರಕ್ತ ಮಂದವಾಗಿರುವುದರಿಂದ ಕಾಲಿನಲ್ಲಿ ಗಡ್ಡೆ ಕಟ್ಟುವ ಅಪಾಯವಿದೆ. ದಾಖಲಾದವರಿಗೆ ಹೆಪಾರಿನ್ ಚುಚ್ಚುಮದ್ದು ಬೇಕೇ ಎಂದು ಕೇಳಿ.

ಕ್ಲಿನಿಕ್ಕಿನಲ್ಲಿ ನೀವು ಕೇಳಬೇಕಾದ ಮಾತು ಇಷ್ಟೇ: ‘ಡಾಕ್ಟ್ರೇ, ಬಿ1 ಇಂಜೆಕ್ಷನ್ ಕೊಟ್ಟಿರಾ? ಬಾಟಲಿ ನಾರ್ಮಲ್ ಸಲೈನಾ?’ ಮೂತ್ರದಲ್ಲಿ ಕೀಟೋನ್ (ಉಪವಾಸದಲ್ಲಿ ಮೈಯ ಕೊಬ್ಬು ಕರಗಿದಾಗ ಬರುವ ವಸ್ತು) ಇಲ್ಲವೆಂದು ಮನೆಗೆ ಕಳಿಸಿದರೆ ಒಪ್ಪಬೇಡಿ. ಕೀಟೋನ್ ಕಾಯಿಲೆಯ ತೀವ್ರತೆಯ ಅಳತೆಯಲ್ಲ ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಸ್ಥೆ ತನ್ನ 2024ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ, ಆದರೂ ಇದೆ. ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಕಲಸಿ, ಎರಡು ನಿಮಿಷಕ್ಕೊಂದು ಟೀ ಚಮಚ. ಗಂಟೆಗೆ 150 ಮಿಲಿಲೀಟರ್ ಇಳಿಯುತ್ತದೆ. ಒಂದು ಲೋಟ ಒಟ್ಟಿಗೆ ಕುಡಿದರೆ ಎಲ್ಲ ಹೊರಗೆ. ಬಿಸಿ ಅಡುಗೆಗಿಂತ ತಣ್ಣಗಿನದಕ್ಕೆ ವಾಸನೆ ಕಡಿಮೆ: ಮೊಸರನ್ನ, ಮಂಡಕ್ಕಿ, ತಣ್ಣಗಾದ ಗಂಜಿ. ಒಗ್ಗರಣೆ ಹಾಕುವಾಗ ಅವಳನ್ನು ಅಡುಗೆಮನೆಯಿಂದ ದೂರ ಇಡಿ. ಕಬ್ಬಿಣದ ಮಾತ್ರೆ ವಾಂತಿ ಹೆಚ್ಚಿಸುತ್ತದೆ; ಮೊದಲ ಮೂರು ತಿಂಗಳು ಅದು ಬೇಕಿಲ್ಲ, ಫೋಲಿಕ್ ಆಮ್ಲ 400 ಮೈಕ್ರೊಗ್ರಾಂ ಮಾತ್ರ ಬಿಡಬೇಡಿ. ಶುಂಠಿ ಕಷಾಯ ಸೌಮ್ಯ ಸಂಕಟಕ್ಕೆ ಆದೀತು. ಪ್ಯೂಕ್ 13 ದಾಟಿದವಳ ಮುಂದೆ ಶುಂಠಿ ಹಿಡಿದು ನಿಲ್ಲುವುದು ಅವಳ ನೋವನ್ನು ಕೀಳುಗಳೆದಂತೆ.

ದಿನಕ್ಕೆ ಒಂದೆರಡು ಸಲ ಮಾತ್ರ ಕಡುಬಣ್ಣದ ಮೂತ್ರ, ಏಳುವಾಗ ತಲೆ ಸುತ್ತು, ಗುಟುಕು ನೀರೂ ನಿಲ್ಲದಿರುವುದು, ವಾಂತಿಯಲ್ಲಿ ರಕ್ತ: ಆ ದಿನವೇ ಹೊರಡಿ. ‘ಈ ಬಸಿರೇ ಬೇಡ’, ‘ಬದುಕೇ ಬೇಡ’ ಎಂಬ ಮಾತು ಬಂದರೆ ಬೈಯಬೇಡಿ. ಬೇಕೆಂದು ಹೊತ್ತ ಬಸಿರನ್ನೂ ಈ ಕಾಯಿಲೆ ತಾಳಲಾರದೆ ತೆಗೆಸಿಕೊಂಡವರಿದ್ದಾರೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಹುಟ್ಟಿದ ಮೇಲೆ

ಮಗುವಿನ ಬೆಳವಣಿಗೆಯ ಚಿಂತೆಯನ್ನು ಗೂಗಲ್‌ನಲ್ಲಿ ಹುಡುಕಿ ಬೆಳೆಸುವ ಬದಲು ದಿನಾಂಕ ಹಾಕಿ ನೋಡಿ. ಎರಡು ತಿಂಗಳಿಗೆ ಮುಖ ನೋಡಿ ನಗು, ನಾಲ್ಕಕ್ಕೆ ಕತ್ತು ನಿಲ್ಲುವುದು, ಒಂಬತ್ತಕ್ಕೆ ಆಸರೆಯಿಲ್ಲದೆ ಕೂರುವುದು, ವರ್ಷದೊಳಗೆ ಹೆಸರು ಕರೆದರೆ ತಿರುಗುವುದು, ಒಂದೂವರೆ ವರ್ಷದೊಳಗೆ ಬೇಕಾದದ್ದನ್ನು ಬೆರಳಿಂದ ತೋರಿಸುವುದು ಮತ್ತು ಬಿಡಿ ಮಾತುಗಳು, ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಎಂಬ ಎರಡು ಪದದ ಮಾತು. ದಿನ ತುಂಬುವ ಮುಂಚೆ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ಹೆರಿಗೆಗೆ ಗೊತ್ತಾದ ದಿನದಿಂದ ತಿಂಗಳು ಎಣಿಸಬೇಕು. ಎಷ್ಟೋ ಮನೆಗಳಲ್ಲಿ ಇದನ್ನು ಮರೆತು ಸುಮ್ಮನೆ ಕಂಗಾಲಾಗುತ್ತಾರೆ. ಕಲಿತಿದ್ದ ಮಾತು, ನೋಟ, ಆಟ ಮರೆತುಹೋದರೆ ಮಾತ್ರ ಒಂದು ವಾರವೂ ಕಾಯಬೇಡಿ.

‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಎಂಬ ಸಮಾಧಾನ ಬೇಡ. ಮೊದಲು ಕಿವಿಯ ಪರೀಕ್ಷೆ. ಸರ್ಕಾರದ ಆರ್‌ಬಿಎಸ್‌ಕೆ ಎಂಬ ಮಕ್ಕಳ ಆರೋಗ್ಯ ತಪಾಸಣೆ ಯೋಜನೆಯಡಿ ಅಂಗನವಾಡಿಗೆ ಬರುವ ವೈದ್ಯರ ತಂಡಕ್ಕೆ ತೋರಿಸಿ. ಅವರು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸುತ್ತಾರೆ. ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಆಟಿಸಂ ಮತ್ತು ಗಮನದ ತೊಂದರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ. ಅಲ್ಲಿ ಕೇಳಿದಾಗ ಹೇಳಲು ಬಸಿರಿನ ವಿವರ ಬರೆದಿಟ್ಟಿರಿ: ವಾಂತಿ ಯಾವ ವಾರ ಶುರು, ಯಾವ ವಾರ ನಿಂತಿತು, ತೂಕ ಎಷ್ಟು ಇಳಿಯಿತು, ಯಾವ ಔಷಧ ಯಾವ ವಾರದಿಂದ ಯಾವ ವಾರದವರೆಗೆ, ಎಷ್ಟು ಸಲ ದಾಖಲು. ಚೀಟಿಗಳನ್ನು ಎಸೆಯಬೇಡಿ, ಫೋನಿನಲ್ಲಿ ಫೋಟೋ ತೆಗೆದಿಡಿ.

ಮುಂದಿನ ಬಸಿರಿಗೂ ಆ ಚೀಟಿಗಳೇ ಬೇಕು. ಈ ಕಾಯಿಲೆ ಒಮ್ಮೆ ಬಂದವರಿಗೆ ಮರುಕಳಿಸುವುದು ಹೆಚ್ಚು. ಮುಟ್ಟು ತಪ್ಪಿ ಪರೀಕ್ಷೆಯಲ್ಲಿ ಬಸಿರು ಖಚಿತವಾದ ದಿನವೇ, ಸಂಕಟ ಶುರುವಾಗುವ ಮುಂಚೆಯೇ, ಡಾಕ್ಸಿಲಮೈನ್ ಜೋಡಿಯನ್ನು ರಾತ್ರಿ ಎರಡು ಮಾತ್ರೆಯಿಂದ ಆರಂಭಿಸಿದರೆ ವಾಂತಿಯ ಉಗ್ರತೆ ತಗ್ಗುತ್ತದೆ ಎಂದು ಸಣ್ಣ ಪ್ರಯೋಗವೊಂದು ತೋರಿಸಿದೆ. ಮಗು ಬೇಕೆಂದು ನಿರ್ಧರಿಸಿದಾಗಲೇ ವೈದ್ಯರ ಬಳಿ ಹೋಗಿ ಚೀಟಿ ಬರೆಸಿಕೊಳ್ಳಿ, ತೂಕ ಬರೆದಿಡಿ, ಫೋಲಿಕ್ ಆಮ್ಲ ಶುರು ಮಾಡಿ. ಮೊದಲ ಮಗುವನ್ನು ಆರನೇ ವಾರದಿಂದ ಹದಿನಾರನೇ ವಾರದವರೆಗೆ ನೋಡಿಕೊಳ್ಳುವವರು ಯಾರು ಎಂಬುದನ್ನೂ ಆಗಲೇ ಗೊತ್ತುಮಾಡಿಕೊಳ್ಳಿ.